ತಾಕ್ ಗುರುಗಳ ಬಲಗಾಲು

ಚುಂಗ್‌ಜು ಊರಿನ ಕೆಳಪೇಟೆಯಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಎದುರಿಗೆ ಮೂರಂತಸ್ತಿನ ಒಂದು ಹಳೆಯ ಕಟ್ಟಡವಿದೆ. ಕೆಳಗೆ ಕರಿದ ಕೋಳಿಯ ಅಂಗಡಿ, ಅದರ ಮೇಲೆ ಪಿಯಾನೊ ಪಾಠ, ಅದರ ಮೇಲೆ ತಾಕ್ ಬೊಂಗ್‌ಜು ಅವರ ತೇಕ್ಯೊನ್ ಗರಡಿ. ಮೊನ್ನೆಮೊನ್ನೆಯವರೆಗೂ ಆ ಕಟ್ಟಡದ ನೆತ್ತಿಯ ಮೇಲೆ ಒಂದು ಬೋರ್ಡು ಇತ್ತು. ಗರಡಿಯ ಹೆಸರು ಅದರಲ್ಲಿ ಚಿಕ್ಕದಾಗಿತ್ತು. ಹೆಸರಿಗಿಂತ ಮೂರು ಪಟ್ಟು ದೊಡ್ಡದಾಗಿ, ಕೆಂಪು ಬಣ್ಣದಲ್ಲಿ, "ಮೂವತ್ತು ವರ್ಷ ನೆಲ ಮುಟ್ಟದ ಗುರು" ಎಂದಿತ್ತು. ಬೆಳಿಗ್ಗೆ ಬಟ್ಟೆ ಒಣಗಿಸಲು ಬಾಲ್ಕನಿಗೆ ಬಂದರೆ ಮೊದಲು ಕಣ್ಣಿಗೆ ಬೀಳುವುದು ಅದೇ. ಎರಡು ವರ್ಷ ದಿನಾ ಓದಿದ್ದೇನೆ. ಹಾಲು ಉಕ್ಕಿದ ದಿನ, ಮಗಳಿಗೆ ಜ್ವರ ಬಂದ ದಿನ, ನನಗೇ ತಲೆ ಎತ್ತಲಾಗದಷ್ಟು ನೋವಿದ್ದ ದಿನವೂ ಓದಿದ್ದೇನೆ. ಒಂದು ದಿನವೂ ನಂಬಿಕೆ ಬರಲಿಲ್ಲ.

ಈ ಮನುಷ್ಯನ ಬಗ್ಗೆ ಬರೆಯುವಂಥದ್ದು ಏನಿದೆ ಎಂದು ಕೇಳಿದರೆ, ಹೆಚ್ಚೇನೂ ಇಲ್ಲ. ಅವರೇ ಹೇಳಿಕೊಳ್ಳುವ ಚರಿತ್ರೆ ಬಹಳ ಉದ್ದವಾಗಿದೆ. ನಡೆದದ್ದು ಗಿಡ್ಡವಾಗಿದೆ. ನಾನು ನಡೆದದ್ದನ್ನು ಬರೆಯುತ್ತೇನೆ.

ತಾಕ್ ಗುರುಗಳು ಸಂತೆಬೀದಿಯ ನೂಡಲ್ ಮಾಡುವವರ ಮೂರನೆಯ ಮಗ. ಸೇನೆಯಲ್ಲಿದ್ದಾಗ ಉತ್ತರದ ಗಡಿಯಲ್ಲಿ ಇದ್ದರಂತೆ. ಈ ಮಾತು ಹೇಳುವಾಗ ದನಿ ತಗ್ಗಿಸಿ, ಕಿಟಕಿಯ ಕಡೆ ನೋಡಿ, ನಾವು ಕೇಳಬಾರದ್ದೇನನ್ನೋ ಕೇಳಿಬಿಟ್ಟೆವೇನೋ ಎನ್ನುವ ಹಾಗೆ ಮಾಡುತ್ತಾರೆ. ಗಡಿಯಲ್ಲಿ ಇದ್ದದ್ದು ನಿಜ. ಮುನ್ನೂರು ಜನರ ಅಡುಗೆಮನೆಯಲ್ಲಿ ಎಲೆಕೋಸು ಹೆಚ್ಚುತ್ತಿದ್ದರು. ಇದನ್ನು ನನಗೆ ಹೇಳಿದವರು ಅವರ ಹೆಂಡತಿ ಜಿನ್ ಒಕ್ಸನ್. ಎಲೆಕೋಸು ಮಾತ್ರ ಚೆನ್ನಾಗಿ ಹೆಚ್ಚುತ್ತಾರೆ ಎಂದೂ ಆಕೆಯೇ ಹೇಳಿದರು.

ಸೇನೆಯಿಂದ ಬಂದು ಟೇಕ್ವಾಂಡೊ ಗರಡಿ ತೆರೆದರು. ಆಗ ನಮ್ಮೂರಿನಲ್ಲಿ ಅಂಥವು ಬೀದಿಗೆ ಎರಡಿದ್ದವು. ಇವರದು ಮೂರನೆಯದು, ಹಾಗಾಗಿ ಯಾರೂ ಬರಲಿಲ್ಲ. ಅಷ್ಟು ಹೊತ್ತಿಗೆ ಸರ್ಕಾರ ತೇಕ್ಯೊನ್ ಎಂಬ ಹಳೆಯ ಕಾಲಾಟವನ್ನು ಉಳಿಸಬೇಕಾದ ಕಲೆಗಳ ಪಟ್ಟಿಗೆ ಸೇರಿಸಿ ಕೆಲವು ವರ್ಷಗಳಾಗಿದ್ದವು. ನಮ್ಮೂರು ಅದನ್ನು ತನ್ನದೆಂದು ಹೆಮ್ಮೆಯಿಂದ ಹೇಳಿಕೊಳ್ಳತೊಡಗಿತ್ತು. ಜಪಾನಿನವರ ಆಳ್ವಿಕೆಯಲ್ಲಿ ಪೊಲೀಸರು ಜನ ಸೇರುವುದನ್ನೇ ತಡೆದದ್ದರಿಂದ ಪೇಟೆ ಪೇಟೆಗಳ ನಡುವಿನ ಪಂದ್ಯಗಳು ನಿಂತುಹೋಗಿದ್ದವು. ಆಟ ಉಳಿದದ್ದು ನಾಲ್ಕಾರು ಮುದುಕರ ಮೊಣಕಾಲುಗಳಲ್ಲಿ ಮಾತ್ರ. ಅಂಥವರಲ್ಲೊಬ್ಬರು ನಮ್ಮ ಕೆಳಪೇಟೆಯಲ್ಲೇ ಇದ್ದರು. ಓಕ್ ಅಜ್ಜ. ಗಾಡಿಯಲ್ಲಿ ಇದ್ದಿಲುಬಿಲ್ಲೆ ತುಂಬಿಕೊಂಡು ಮನೆಮನೆಗೆ ಹಾಕುತ್ತಿದ್ದವರು, ಎಂಟು ವರ್ಷದ ಮಗುವಾಗಿದ್ದಾಗ ಹೊಳೆಯ ದಂಡೆಯಲ್ಲಿ ಆಡಿದ್ದರಂತೆ.

ತಾಕ್ ಗುರುಗಳು ಆ ಅಜ್ಜನ ಗಾಡಿ ತಳ್ಳಿ ಆಟ ಕಲಿತರು. ಹನ್ನೊಂದು ತಿಂಗಳು. ಆಮೇಲೆ ಅಜ್ಜ ತೀರಿಕೊಂಡರು. ಈಗ ಗುರುಗಳ ಬಾಯಲ್ಲಿ ಅದು ಹನ್ನೊಂದು ವರ್ಷವಾಗಿದೆ. ಅಜ್ಜನನ್ನು ಮಣ್ಣು ಮಾಡಿ ಬಂದ ವಾರವೇ ಟೇಕ್ವಾಂಡೊ ಬೋರ್ಡು ಇಳಿದು ತೇಕ್ಯೊನ್ ಬೋರ್ಡು ಏರಿತು. ಆಮೇಲೆ, ಆಟಕ್ಕೆ ಇಡೀ ಜಗತ್ತಿನ ಮನ್ನಣೆ ಸಿಕ್ಕಿತೆಂದು ಟಿವಿಯಲ್ಲಿ ಬಂದ ಸಂಜೆ, ಬೋರ್ಡಿನ ಸುತ್ತ ಮಿಣಮಿಣ ದೀಪಗಳೂ ಬಂದವು.

ಹಳೆಯ ಕಾಲದಲ್ಲಿ ಈ ಆಟಕ್ಕೆ ಸಮವಸ್ತ್ರ ಇರಲಿಲ್ಲ, ಪದವಿ ಇರಲಿಲ್ಲ. ಉಟ್ಟ ಬಟ್ಟೆಯಲ್ಲೇ ಕಣಕ್ಕಿಳಿಯುತ್ತಿದ್ದರು. ನಮ್ಮ ಗುರುಗಳ ಗರಡಿಯಲ್ಲಿ ಒಂಬತ್ತು ಬಣ್ಣದ ನಡುಪಟ್ಟಿಗಳಿವೆ. ಕಿತ್ತಳೆಗೂ ಹಳದಿಗೂ ನಡುವೆ ಇನ್ನೊಂದು ಬಣ್ಣ ಇದೆಯೆಂದು ನನಗೆ ಗೊತ್ತಾದದ್ದು ಅಲ್ಲೇ. ನೀರಿನ ಫಿಲ್ಟರಿನ ಪಕ್ಕದ ಗೋಡೆಯ ಮೇಲೆ ಸಾವಿರದೈನೂರು ವರ್ಷ ಹಿಂದಿನ ಗೊಗುರ್ಯೊ ಅರಸರ ಕಾಲದ ಗೋರಿಯೊಳಗಿನ ಚಿತ್ರದ ಪ್ರತಿ ಇದೆ. ಇಬ್ಬರು ಗಂಡಸರು ಕೈ ಚಾಚಿ ಎದುರುಬದುರು ನಿಂತಿದ್ದಾರೆ. ಅವರು ಆಡುತ್ತಿರುವುದು ತೇಕ್ಯೊನ್ ಹೌದೋ ಅಲ್ಲವೋ ಎಂದು ಓದಿದವರೇ ಇನ್ನೂ ಜಗಳವಾಡುತ್ತಿದ್ದಾರೆ. ಗುರುಗಳಿಗೆ ಆ ಅನುಮಾನವಿಲ್ಲ. ಹೊಸ ತಾಯಂದಿರು ಬಂದಾಗಲೆಲ್ಲ ಚಿತ್ರದ ಕೆಳಗೆ ಅದೇ ಭಂಗಿಯಲ್ಲಿ ನಿಲ್ಲುತ್ತಾರೆ.

"ಎಡಗಡೆಯವನ ಮೂಗು ನೋಡಿ ಅಮ್ಮಾ," ಎಂದರು ನಾನು ಮೊದಲು ಹೋದಾಗ. "ನಮ್ಮ ಮನೆತನದ ಮೂಗು ಅಲ್ವಾ?"

ಚಿತ್ರ ತೇವ ಹಿಡಿದು, ಆ ಮನುಷ್ಯನ ಮೂಗಿನ ಜಾಗದಲ್ಲಿ ಬೂಷ್ಟು ಬಂದಿತ್ತು. ನಾನು ನೆಲದ ಹಾಸನ್ನು ನೋಡುತ್ತಿದ್ದೆ. ಎರಡು ಹಾಸುಗಳ ಸಂದಿಯಲ್ಲಿ ಮಗುವಿನ ಹೆಬ್ಬೆರಳು ಸಿಕ್ಕಿಕೊಳ್ಳುವಷ್ಟು ಬಿರುಕಿತ್ತು.

ಅಷ್ಟೆಲ್ಲ ನೋಡಿಯೂ ಮಗಳನ್ನು ಯಾಕೆ ಸೇರಿಸಿದೆ? ದಂತವೈದ್ಯರ ಕ್ಲಿನಿಕ್ಕಿನಲ್ಲಿ ನನ್ನ ಕೆಲಸ ಮುಗಿಯುವುದು ಆರೂವರೆಗೆ. ಗಂಡ ಇರುವುದು ಬೇರೆ ಊರಿನಲ್ಲಿ, ಶನಿವಾರ ಬಂದು ಭಾನುವಾರ ಹೋಗುತ್ತಾರೆ. ಒಂದನೇ ತರಗತಿಯ ಶಾಲೆ ಒಂದೂವರೆಗೇ ಬಿಡುತ್ತದೆ. ಆ ಐದು ಗಂಟೆ ನನ್ನ ಮಗಳು ಯೊರುಮ್ ಎಲ್ಲಿರಬೇಕು? ರಾಜಧಾನಿ ಸಿಯೋಲ್‌ನಲ್ಲಿ ಓದಿದ ನನಗೆ ಮಗಳನ್ನು ಎಲ್ಲೆಲ್ಲಿಗೋ ಕಳಿಸುವ ಕನಸಿತ್ತು. ಆದರೆ ಶಾಲೆಯ ಬಾಗಿಲಿಗೇ ಹಳದಿ ವ್ಯಾನು ತಂದು, ಮಕ್ಕಳನ್ನು ಎಣಿಸಿ ಹತ್ತಿಸಿ, ಬೆಲ್ಟ್ ಹಾಕಿ, ಬೇಯಿಸಿದ ಗೆಣಸು ತಿನ್ನಿಸಿ, ಹೋಮ್‌ವರ್ಕ್ ಮಾಡಿಸಿ ಇಟ್ಟುಕೊಳ್ಳುವವರು ಜಿನ್ ಒಕ್ಸನ್ ಒಬ್ಬರೇ. ಗರಡಿ ನಡೆಯುತ್ತಿರುವುದು ಆ ಹೆಂಗಸಿನಿಂದ. ಗುರುಗಳು ಇರುವುದು ಬೋರ್ಡಿನ ಸಲುವಾಗಿ.

ಆಟ ಹೇಗಿರುತ್ತದೆಂದು ನೋಡಿದವರಿಗೆ ಗೊತ್ತು. ಮೊಣಕಾಲು ಸಡಿಲ ಬಿಟ್ಟು, ಮೂರು ಮೂಲೆಯ ಮೇಲೆ ಹೆಜ್ಜೆ ತುಳಿಯುತ್ತ, ತೋಳು ತೂಗುತ್ತ ಇಬ್ಬರು ಎದುರಾಗುತ್ತಾರೆ. ದೂರದಿಂದ ನೋಡಿದರೆ ಹಬ್ಬದ ದಿನ ಸ್ವಲ್ಪ ಕುಡಿದ ಇಬ್ಬರು ಭಾವಮೈದುನರು ಕುಣಿಯುತ್ತಿರುವಂತೆ ಕಾಣುತ್ತದೆ. "ಇಕ್!" "ಎಕ್!" ಎಂದು ಕೂಗುತ್ತಾರೆ. ಇದ್ದಕ್ಕಿದ್ದಂತೆ ಒಬ್ಬನ ಕಾಲು ಇನ್ನೊಬ್ಬನ ಹಿಮ್ಮಡಿಗೆ ಕೊಕ್ಕೆ ಹಾಕುತ್ತದೆ, ಇಲ್ಲವೇ ಎದೆಯನ್ನು ನೂಕುತ್ತದೆ. ಮೊಣಕಾಲೋ ಅಂಗೈಯೋ ನೆಲ ಮುಟ್ಟಿದರೆ ಸೋಲು. ಎದುರಾಳಿಯ ಪಾದ ಮುಖಕ್ಕೆ ತಾಗಿದರೂ ಸೋಲು. ಗಾಯವಾಗುವಂತೆ ಒದೆಯುವ ಹಾಗಿಲ್ಲ, ನೂಕಿದ ಹಾಗಿರಬೇಕು. ಇಷ್ಟನ್ನು ತಾಯಂದಿರಾದ ನಾವು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡಿದ್ದೇವೆ.

ಇನ್ನೊಂದು ಕಟ್ಟಳೆ ಇದೆ, ಅದೇ ಎಲ್ಲಕ್ಕಿಂತ ಮುಖ್ಯ. ಆಡುವವನು ಯಾವಾಗಲೂ ತನ್ನ ಒಂದು ಕಾಲನ್ನು ಎದುರಾಳಿಗೆ ಎಟುಕುವ ಹಾಗೆ ಮುಂದಿಡಬೇಕು. ಬಾ, ಇಗೋ ನನ್ನ ಕಾಲು, ಬೀಳಿಸು ಎನ್ನುವ ಹಾಗೆ. ಅದನ್ನು ದೇಜಪ್ ಎನ್ನುತ್ತಾರೆ, ಮನೆಗೆ ಬಂದವರಿಗೆ ಮಾಡುವ ಉಪಚಾರ. ದೂರ ನಿಂತು ಓಡಾಡುವುದು ಆಟವೇ ಅಲ್ಲ. ಓಕ್ ಅಜ್ಜ ಆ ಹನ್ನೊಂದು ತಿಂಗಳಲ್ಲಿ ಇದೊಂದನ್ನು ಗುರುಗಳ ತಲೆಯೊಳಗೆ ತುಂಬಿ ಹೋಗಿದ್ದರು. ಪಟ್ಟುಗಳಲ್ಲಿ ಅರ್ಧಕ್ಕರ್ಧ ಗುರುಗಳು ಟೇಕ್ವಾಂಡೊದಿಂದ ತಂದು ತೇಪೆ ಹಾಕಿದವು. ಈ ಕಟ್ಟಳೆಯನ್ನು ಮಾತ್ರ ಮಕ್ಕಳಿಗೆ ಬಿಡದೆ ಕಲಿಸಿದರು. ಪಾಠ ಶುರುವಾಗುವುದೇ ಹೀಗೆ:

"ಕಾಲು ಎಲ್ಲಿ?" ಎಂದು ಗುರುಗಳು ಕೂಗುತ್ತಾರೆ.

"ನಿಮ್ಮ ಮುಂದೆ!" ಎಂದು ನಲವತ್ತು ಮಕ್ಕಳು ಕೂಗಿ, ನಲವತ್ತು ಪುಟ್ಟ ಬಲಗಾಲುಗಳನ್ನು ಮುಂದಿಡುತ್ತಾರೆ. ಕೆಳಗಿನ ಪಿಯಾನೊ ಟೀಚರಿಗೆ ಆ ಹೊತ್ತಿಗೆ ಸರಿಯಾಗಿ ತಲೆನೋವು ಬರುತ್ತದೆ.

ಗುರುಗಳ ಬಲಗಾಲು ಮಾತ್ರ ಮುಂದೆ ಬಂದದ್ದನ್ನು ನಾನು ಕಂಡಿಲ್ಲ. ಮಗಳನ್ನು ಕರೆದುಕೊಂಡು ಹೋಗಲು ಬಂದಾಗ ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಸಂಜೆಯ ತರಗತಿಗೆ ಬರುವ ದೊಡ್ಡವರ ಎದುರು ನಿಂತರೆ ಗುರುಗಳು ಒಂದೂವರೆ ಮಾರು ಹಿಂದೆ. ಬೆಳ್ಳಗಿನ ಬಟ್ಟೆಯ ಕಾಲುಚೀಲದ ತುದಿ ಹಾಸಿನ ಗೆರೆಯನ್ನೂ ದಾಟುತ್ತಿರಲಿಲ್ಲ. ಯಾರಾದರೂ ಒಂದು ಹೆಜ್ಜೆ ಹತ್ತಿರ ಬಂದರೆ, "ಹಾಂ, ನಿಲ್ಲು! ಸೊಂಟ ನೋಡು ನಿಂದು, ಸೊಂಟ!" ಎಂದು ಪಾಠಕ್ಕೆ ತಿರುಗುತ್ತಿದ್ದರು.

ಒಂದು ದಿನ ವ್ಯಾನಿನ ಬಳಿ ಜಿನ್ ಒಕ್ಸನ್ ಅವರನ್ನು ಕೇಳಿಯೇಬಿಟ್ಟೆ. "ಆ ಬೋರ್ಡಿನಲ್ಲಿ ಬರೆದಿರೋದು ನಿಜಾನಾ?"

ಆಕೆ ಮಕ್ಕಳ ಬೂಟುಗಳನ್ನು ಜೋಡಿಸುತ್ತಿದ್ದರು. "ನಿಜ ಕಣ್ರೀ ಯೊರುಮ್ ಅಮ್ಮಾ. ಆಡಿದ್ರೆ ತಾನೇ ನೆಲ ಮುಟ್ಟೋದು?"

"ಒಂದ್ಸಲವೂ ಆಡಿಲ್ವಾ?"

"ಎರಡು ಸಲ ಇಳಿದಿದ್ರು. ಒಂದ್ಸಲ ಎದುರಿಗಿದ್ದವರಿಗೆ ಎಪ್ಪತ್ತಾರು ವಯಸ್ಸು, ಕೆಮ್ಮು ಬೇರೆ. ಇನ್ನೊಂದ್ಸಲ ಮಳೆ ಬಂತು." ಬೂಟಿನೊಳಗಿನ ಮರಳು ಕೊಡವಿದರು. "ಮನೇಲೂ ಅಷ್ಟೇ. ನೆಲ ಒರೆಸೋಕೆ ಅಂತ ಮೂವತ್ತು ವರ್ಷದಲ್ಲಿ ಒಂದು ದಿನ ಬಗ್ಗಿಲ್ಲ. ಆ ಲೆಕ್ಕಕ್ಕೂ ಬೋರ್ಡು ಸರಿಯಾಗೇ ಇದೆ."

ಬೇಸಿಗೆ ಶುರುವಾಗುವಾಗ ಬರುವ ದಾನೊ ಹಬ್ಬಕ್ಕೆ ಈ ವರ್ಷ ಇಪ್ಪತ್ತು ದಿನ ಇರುವಾಗ ಕೆಳಪೇಟೆ ಮತ್ತು ಮೇಲ್ಪೇಟೆಯವರು, ಈಗ ಮತ್ತೆ ಪ್ರತಿ ವರ್ಷ ನಡೆಯುವ, ಪೇಟೆಗೆ ಐದು ಆಳಿನ ಪಂದ್ಯದ ಮಾತುಕತೆಗೆ ಸೇರಿದರು, ಹೊಳೆಯ ಬಸವನಹುಳುವಿನ ಸಾರಿನ ಹೋಟೆಲಿನಲ್ಲಿ. ಮಕ್ಕಳಿಗೆ ಹಿಟ್ಟಿನ ಕಡುಬು ಯಾರು ತರಬೇಕೆಂದು ತೀರ್ಮಾನಿಸಲು ತಾಯಂದಿರ ಪರವಾಗಿ ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಮೇಲ್ಪೇಟೆಯ ಪರವಾಗಿ ಬಂದಿದ್ದವನು ಪ್ಯೊ ಮಾನ್ಸಿಕ್, ಅಕ್ಕಿಹಿಟ್ಟಿನ ಗಿರಣಿಯವನು. ಐವತ್ತೈದರ ಆಳು, ಹಿಟ್ಟು ಮೆತ್ತಿದ ಹುಬ್ಬು, ತೊಲೆಯಂಥ ಕಾಲು. ಬಾಯಿ ಮಾತ್ರ ಮೃದು.

"ಬೊಂಗ್‌ಜು ಅಣ್ಣಾ," ಎಂದ ಸಾರು ಹೀರುತ್ತ, "ಈ ಸಲನಾದ್ರೂ ಆಡ್ತೀಯೋ, ಇಲ್ಲ ಮೈಕು ಹಿಡ್ಕೊಂಡೇ ನಿಂತ್ಕೋತೀಯೋ?"

"ನಾನು ಇಳಿದ್ರೆ ನಿಮ್ಮ ಮೇಲ್ಪೇಟೆ ಗಂಡಸರು ಮನೆಗೆ ಹೋಗಿ ಹೆಂಡ್ತೀರಿಗೆ ಹೇಗೆ ಮುಖ ತೋರಿಸ್ತಾರೆ ಅಂತ ಸುಮ್ನಿದ್ದೀನಿ ಕಣೋ."

"ನಮ್ಮ ಹೆಂಡ್ತೀರ ಚಿಂತೆ ನಮಗಿರಲಿ. ನೀನು ಒಂದು ಕಾಲು ಕೊಡಣ್ಣ, ಸಾಕು. ಮೂವತ್ತು ವರ್ಷದಿಂದ ಬೋರ್ಡು ನೋಡ್ತಿದ್ದೀವಿ, ಕಾಲು ನೋಡೇ ಇಲ್ಲ."

ಎಲ್ಲರೂ ಬಟ್ಟಲಿನೊಳಗೆ ನಕ್ಕರು. ಗುರುಗಳ ಕಿವಿ ಕೆಂಪಾಯಿತು. ಚಮಚ ಕೆಳಗಿಟ್ಟು ಎದ್ದು ನಿಂತರು. ಅಷ್ಟು ಚಿಕ್ಕ ಹೋಟೆಲಿನಲ್ಲಿ ಎದ್ದು ನಿಲ್ಲುವ ಅಗತ್ಯ ಯಾರಿಗೂ ಇರಲಿಲ್ಲ.

"ಆಯ್ತು. ಕೆಳಪೇಟೆಯ ಐದನೇ ಆಳು ನಾನೇ. ನನ್ನ ಅಂಗೈ ನೆಲ ಮುಟ್ಟಿದ್ರೆ, ನನ್ನ ಕೈಯಾರೆ ಆ ಬೋರ್ಡು ಇಳಿಸ್ತೀನಿ. ಎಲ್ಲರೂ ಕೇಳಿಸ್ಕೊಂಡ್ರಾ?"

ಕೇಳಿಸಿಕೊಂಡರು. ಹೋಟೆಲಿನ ಅಜ್ಜಿ ಗೋಡೆಯ ಕ್ಯಾಲೆಂಡರಿನಲ್ಲಿ ದಾನೊ ದಿನದ ಸುತ್ತ ಒಂದು ಸುತ್ತು ಹಾಕಿದಳು.

ಇದನ್ನು ಧೈರ್ಯ ಎಂದುಕೊಂಡವರು ಪಂದ್ಯ ನೋಡದವರು. ಪಂದ್ಯದಲ್ಲಿ ಗೆದ್ದವನು ಕಣದಲ್ಲೇ ಉಳಿಯುತ್ತಾನೆ, ಸೋತ ಪೇಟೆ ಮುಂದಿನ ಆಳನ್ನು ಕಳಿಸುತ್ತದೆ. ಕೆಳಪೇಟೆಯ ಕಡೆ ಅಗ್ನಿಶಾಮಕ ದಳದ ಯೊಮ್ ಇದ್ದ. ಹೋದ ವರ್ಷ ಅವನೊಬ್ಬನೇ ಐವರನ್ನೂ ಉರುಳಿಸಿದ್ದ. ಐದನೆಯವರ ತನಕ ಸರದಿ ಬರುವುದೇ ಇಲ್ಲ. ಗುರುಗಳ ಶೌರ್ಯ ಯೊಮ್‌ನ ಕಾಲ ಮೇಲೆ ನಿಂತಿತ್ತು.

ದಾನೊ ದಿನ ಹೊಳೆದಂಡೆಯ ಮರಳಿನ ಮೇಲೆ ಹಗ್ಗ ಕಟ್ಟಿ ಕಣ ಮಾಡಿದ್ದರು. ಪದ್ಧತಿಯಂತೆ ಮೊದಲು ಮಕ್ಕಳ ಆಟ. ಯೊರುಮ್‌ಗೆ ಎದುರಾದದ್ದು ಮೇಲ್ಪೇಟೆಯ ಒಬ್ಬ ದಪ್ಪ ಹುಡುಗಿ. ನಾನು ಬ್ಯಾಗಿನಲ್ಲಿ ಮುಲಾಮು, ಬ್ಯಾಂಡೇಜು, ಐಸ್ ಚೀಲ, ಇನ್ನೊಂದು ಜೊತೆ ಪ್ಯಾಂಟು ಎಲ್ಲ ಇಟ್ಟುಕೊಂಡು ಹಗ್ಗದ ಪಕ್ಕದಲ್ಲೇ ನಿಂತಿದ್ದೆ. ನನ್ನ ಮಗಳು ಕಣಕ್ಕಿಳಿದವಳೇ ಬಲಗಾಲನ್ನು ಠೀವಿಯಿಂದ ಮುಂದಿಟ್ಟಳು. ದಪ್ಪ ಹುಡುಗಿ ಅದನ್ನು ಕೊಕ್ಕೆ ಹಾಕಿ ಎಳೆದಳು. ಇವಳು ಕುಳಿತಳು. ಎರಡು ಉಸಿರಿನಷ್ಟು ಹೊತ್ತೂ ಆಗಲಿಲ್ಲ. ಎದ್ದು ಮರಳು ಕೊಡವಿಕೊಂಡು ನಗುತ್ತ ಬಂದಳು, ನಾನು ಮುಲಾಮು ತೆಗೆಯುವಷ್ಟರಲ್ಲಿ.

"ಯಾಕೆ ಅಷ್ಟು ಮುಂದಿಟ್ಟೆ?" ಎಂದೆ.

"ಇಡ್ಬೇಕಮ್ಮ. ಇಡದೇ ಇದ್ರೆ ಅದು ಆಟಾನೇ ಅಲ್ಲ."

ಗುರುಗಳು ಮೈಕಿನಲ್ಲಿ, "ಶಾಬಾಸ್! ಕಾಲು ಕೊಟ್ಟು ಬಿದ್ದಳು! ಹೀಗೆ ಬೀಳೋದು ಗೆದ್ದ ಹಾಗೇ!" ಎಂದರು. ಬೀಳುವವರು ಬೇರೆಯವರಾದರೆ ಅವರಿಗೆ ಬೀಳುವುದರ ಬಗ್ಗೆ ಬಹಳ ಒಳ್ಳೆಯ ಮಾತುಗಳು ಬರುತ್ತವೆ.

ದೊಡ್ಡವರ ಸರದಿ ಬಂತು. ಯೊಮ್ ಮೇಲ್ಪೇಟೆಯ ಇಬ್ಬರನ್ನು ಸಲೀಸಾಗಿ ಕೆಡವಿದ. ಗುರುಗಳು ಮೈಕಿನಲ್ಲಿ ಹಾಡುವುದೊಂದು ಬಾಕಿ. ಮೂರನೆಯವನಾಗಿ ಪ್ಯೊ ಮಾನ್ಸಿಕ್ ಬಂದ. ಅವಸರವಿಲ್ಲದೆ, ಗಿರಣಿಗೆ ಅಕ್ಕಿ ಸುರಿಯುವವನ ಹಾಗೆ ತೂಗಾಡುತ್ತ ಬಂದು, ಯೊಮ್‌ನ ಎದೆಯ ಮೇಲೆ ಪಾದವಿಟ್ಟು ನೂಕಿದ. ಯೊಮ್ ಕುಳಿತ. ಆಮೇಲೆ ಪಾರ್ಸೆಲ್ ಹಂಚುವವನು ಬಂದು ಕುಳಿತ. ಸೇಬುತೋಟದವನು ಬಂದ, ಅವನೂ ಕುಳಿತ. ಶಾಲೆಯ ಡ್ರಿಲ್ ಮೇಷ್ಟ್ರು ಸ್ವಲ್ಪ ಹೊತ್ತು ನಿಂತಿದ್ದು ಕುಳಿತರು. ಮೈಕಿನ ಸದ್ದು ಕಡಿಮೆಯಾಗುತ್ತಾ ಬಂದು ನಿಂತಿತು. ಕೆಳಪೇಟೆಗೆ ಉಳಿದದ್ದು ಐದನೇ ಆಳು.

ಗುರುಗಳು ನೀರು ಕುಡಿದರು. ನಡುಪಟ್ಟಿ ಬಿಚ್ಚಿ ಕಟ್ಟಿದರು. ಇನ್ನೊಮ್ಮೆ ನೀರು ಕುಡಿದರು. ಆಕಾಶ ನೋಡಿದರು. ಒಂದೇ ಒಂದು ಮೋಡ ಇರಲಿಲ್ಲ.

ತೀರ್ಪುಗಾರರು ಮೋ ಹಿರಿಯರು, ಹಿಂದೆ ಹೆಡ್‌ಮಾಸ್ಟರ್ ಆಗಿದ್ದವರು. ದಿನಾ ಮಧ್ಯಾಹ್ನ ಗರಡಿಯಲ್ಲಿ ಗುರುಗಳ ಜೊತೆ ಚದುರಂಗ ಆಡುವವರು. "ಐದು ನಿಮಿಷ," ಎಂದರು. "ಯಾರೂ ಬೀಳದಿದ್ರೆ ಸಮ."

ಸಮ! ಆ ಮಾತು ಕೇಳಿದ ಕೂಡಲೇ ಗುರುಗಳ ಮುಖಕ್ಕೆ ಬಣ್ಣ ಬಂದದ್ದನ್ನು ನಾನು ಕಂಡೆ. ಗೆಲ್ಲಬೇಕಾಗಿಲ್ಲ. ಐದು ನಿಮಿಷ ಎಟುಕದೆ ಇದ್ದರೆ ಸಾಕು, ಬೋರ್ಡು ಉಳಿಯುತ್ತದೆ.

ಹಾಗೇ ಮಾಡಿದರು. ಮೂರು ಮೂಲೆಯ ಹೆಜ್ಜೆ ಹಾಕಿದರು, ತೋಳು ತೂಗಿದರು, "ಇಕ್! ಎಕ್!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದರು. ಪ್ಯೊ ಒಂದು ಹೆಜ್ಜೆ ಬಂದರೆ ಇವರು ಎರಡು ಹೆಜ್ಜೆ ಹಿಂದೆ. ಹಗ್ಗದ ಗುಂಟ ಸುತ್ತಿದರು. ಪ್ಯೊ ತನ್ನ ಕಾಲನ್ನು ಧಾರಾಳವಾಗಿ ಮುಂದಿಟ್ಟು, "ಬಾ ಅಣ್ಣ, ನಂದು ಇಲ್ಲೇ ಇದೆ, ನಿಂದೆಲ್ಲಿ?" ಎಂದ. ಗುರುಗಳಿಗೆ ಕೇಳಿಸಲಿಲ್ಲ. ಕಾಲು ಕೊಡದವನನ್ನು ತೀರ್ಪುಗಾರರು ಗದರಿಸಬೇಕು. ಮೋ ಹಿರಿಯರು ಹೊಳೆಯಾಚೆಯ ಬೆಟ್ಟವನ್ನು ನೋಡುತ್ತಿದ್ದರು.

ನಮ್ಮೂರಿನವರು ಯಾವುದನ್ನೂ ಮುಖಕ್ಕೆ ಹೊಡೆದಂತೆ ಹೇಳುವವರಲ್ಲ. ಊಟಕ್ಕೆ ಕೂತವರಿಗೆ "ಹೊರಗೆ ಗಾಳಿ ಚೆನ್ನಾಗಿದೆ ಅಲ್ವಾ" ಎಂದರೆ ಇನ್ನು ಏಳಿ ಎಂದೇ ಅರ್ಥ. ನನ್ನ ಪಕ್ಕದ ಹೆಂಗಸು ಬೀಸಣಿಗೆ ಬೀಸಿಕೊಳ್ಳುತ್ತ, "ಗುರುಗಳ ಕಾಲುಚೀಲ ಎಷ್ಟು ಬೆಳ್ಳಗಿದೆ ನೋಡ್ರೀ," ಎಂದಳು. "ಒಂಚೂರೂ ಮರಳು ಹತ್ತಿಲ್ಲ."

"ಒಕ್ಸನ್ ಅಕ್ಕ ಒಗೆಯೋದು ಚೆನ್ನಾಗಿ," ಎಂದಳು ಇನ್ನೊಬ್ಬಳು.

ಅಷ್ಟೇ. ಇಡೀ ದಂಡೆಯ ಮೇಲೆ ಸಾವಿರ ಜನ ಇದ್ದರು, ಎಲ್ಲರೂ ಕಾಲುಚೀಲವನ್ನೇ ಹೊಗಳುತ್ತಿದ್ದರು. ಮೋ ಹಿರಿಯರು ಗಡಿಯಾರ ನೋಡಿ, "ಇನ್ನೊಂದು ನಿಮಿಷ," ಎಂದರು. ನನ್ನ ಮಗು ಎರಡು ಉಸಿರಿನಲ್ಲಿ ಬಿದ್ದ ಜಾಗದಲ್ಲೇ ಅವಳಿಗೆ ಬೀಳಲು ಕಲಿಸಿದವನು ಬೀಳದೆ ತಪ್ಪಿಸಿಕೊಂಡು ಹೋಗುತ್ತಿದ್ದಾನೆ, ಇನ್ನೊಂದು ನಿಮಿಷದಲ್ಲಿ ಅದನ್ನೇ ಮೈಕಿನಲ್ಲಿ ಗೆಲುವು ಎನ್ನುತ್ತಾನೆ ಎಂದು ನನಗೆ ಅನಿಸಿತು.

ಆಗ ನನ್ನ ಸೊಂಟದ ಎತ್ತರದಿಂದ ಒಂದು ದನಿ ಬಂತು.

"ಕಾಲು ಎಲ್ಲಿ?"

ಯೊರುಮ್. ಅಣಕವೇನೂ ಇರಲಿಲ್ಲ. ಪಾಠದ ದನಿ, ದಿನಾ ಕೇಳಿ ಬಾಯಿಪಾಠವಾದ ದನಿ. ನಾನು ತಟ್ಟನೆ ಅವಳ ಬಾಯಿ ಮುಚ್ಚಿದೆ. ನಾಳೆ ಒಂದೂವರೆಗೆ ವ್ಯಾನು ಬರುವುದೋ ಇಲ್ಲವೋ ಎಂಬುದೇ ನನ್ನ ತಲೆಗೆ ಮೊದಲು ಬಂದದ್ದು. ಅವಳು ನನ್ನ ಬೆರಳು ಕಚ್ಚಿದಳು.

ಅಷ್ಟರಲ್ಲಿ ಹಗ್ಗದ ಸುತ್ತ ಅಲ್ಲಲ್ಲಿ ಕೂತಿದ್ದ ಗರಡಿಯ ಮಕ್ಕಳಿಗೆ ಕೇಳಿಸಿತ್ತು. ಪಾಠ ಶುರುವಾಯಿತೆಂದುಕೊಂಡವರ ಹಾಗೆ ಎದ್ದು ನಿಂತರು. ಕಡುಬು ತಿನ್ನುತ್ತಿದ್ದವರು ನುಂಗಿ ಎದ್ದರು. ನಲವತ್ತು ಗಂಟಲು ಒಟ್ಟಿಗೆ:

"ಕಾಲು ಎಲ್ಲಿ?"

ಗುರುಗಳು ನಿಂತರು. ಸುಮ್ಮನಿರಿ ಎಂದು ಅಂಗೈ ಆಡಿಸಿದರು, ಗರಡಿಯಲ್ಲಿ ಗದ್ದಲವಾದಾಗ ಆಡಿಸುವ ಹಾಗೆ. ಮಕ್ಕಳು ಸುಮ್ಮನಾಗಲಿಲ್ಲ. ಪ್ರಶ್ನೆ ಕೇಳಿದ ಮೇಲೆ ಉತ್ತರ ಬರಬೇಕೆಂದು ಅವರಿಗೆ ಕಲಿಸಿದವರು ಇವರೇ.

"ಕಾಲು ಎಲ್ಲಿ?"

ಮೋ ಹಿರಿಯರು ಬೆಟ್ಟದಿಂದ ಕಣ್ಣು ತೆಗೆಯಬೇಕಾಯಿತು. ಗುರುಗಳು ಹೆಂಡತಿಯ ಕಡೆ ನೋಡಿದರು. ಜಿನ್ ಒಕ್ಸನ್ ಹಳದಿ ವ್ಯಾನಿನ ಮೆಟ್ಟಿಲ ಮೇಲೆ ಕೂತು ಮಕ್ಕಳಿಗೆಂದು ಸೇಬಿನ ಸಿಪ್ಪೆ ತೆಗೆಯುತ್ತಿದ್ದರು. ಚಾಕು ನಿಲ್ಲಿಸದೆಯೇ ಹೇಳಿದರು:

"ಕೇಳ್ತಿದ್ದಾರಲ್ಲ ಮಕ್ಕಳು. ಹೇಳ್ರೀ."

ಮೂರನೆಯ ಸಲ ಮಕ್ಕಳು ಕೇಳಿದಾಗ ಮೇಲ್ಪೇಟೆಯ ಮಕ್ಕಳೂ ಸೇರಿಕೊಂಡಿದ್ದರು, ಅರ್ಥವೇನೆಂದು ಗೊತ್ತಿಲ್ಲದಿದ್ದರೂ. ಗುರುಗಳ ತುಟಿ ಅಲ್ಲಾಡಿತು. "ನಿಮ್ಮ ಮುಂದೆ" ಎಂದರೆಂದು ಹಗ್ಗದ ಹತ್ತಿರ ಇದ್ದವರು ಹೇಳುತ್ತಾರೆ. ನನಗೆ ಕೇಳಿಸಲಿಲ್ಲ. ಕಾಲು ಮಾತ್ರ ಕಂಡಿತು. ತಣ್ಣೀರಿಗೆ ಇಳಿಯುವವನ ಕಾಲಿನ ಹಾಗೆ ಬೆರಳು ಮುದುರಿಕೊಂಡು, ಅಳುಕುತ್ತ, ಆ ಬೆಳ್ಳನೆಯ ಬಲಗಾಲು ಮುಂದೆ ಬಂದು ಮರಳಿನ ಮೇಲೆ ಕೂತಿತು.

ಪ್ಯೊ ಮಾನ್ಸಿಕ್ ಅದು ಸರಿಯಾಗಿ ಊರುವ ತನಕ ಕಾದ. ಅಷ್ಟು ಮರ್ಯಾದೆ ಅವನಿಗಿತ್ತು. ಆಮೇಲೆ ತನ್ನ ಪಾದವನ್ನು ಹಿಮ್ಮಡಿಗೆ ಕೊಟ್ಟು ಮೇಜಿನ ಸೆಳೆಖಾನೆ ಎಳೆಯುವಷ್ಟು ಮೆಲ್ಲಗೆ ಎಳೆದ.

ಗುರುಗಳು ಕುಳಿತರು. ಎರಡು ಅಂಗೈಗಳೂ ಮರಳಿನಲ್ಲಿ ಮಣಿಕಟ್ಟಿನ ತನಕ ಹೂತಿದ್ದವು.

"ಉಪಚಾರ ಚೆನ್ನಾಗಿತ್ತಣ್ಣ," ಎಂದು ಪ್ಯೊ ಕೈ ಹಿಡಿದು ಎಬ್ಬಿಸಿದ. "ಮೂವತ್ತು ವರ್ಷ ಕಾಯಿಸಿದೆ, ಆದ್ರೂ ಚೆನ್ನಾಗಿತ್ತು."

ಇಲ್ಲಿಗೆ ಅವರಿಗೆ ಬುದ್ಧಿ ಬಂತೆಂದು ಬರೆಯಬಹುದಿತ್ತು. ಹಾಗೇನೂ ಆಗಲಿಲ್ಲ. ಎದ್ದವರೇ ಮೈಕಿನ ಬಳಿ ಹೋಗಿ, "ಮಕ್ಕಳಿಗೆ ಪಾಠ ಆಗಲಿ ಅಂತ ಬೇಕೂಂತಲೇ ಬಿದ್ದೆ," ಎಂದರು. ದಂಡೆಯ ಮೇಲಿದ್ದವರೆಲ್ಲ "ಗಾಳಿ ಚೆನ್ನಾಗಿದೆ" ಎನ್ನುತ್ತ ಎದ್ದು ಮನೆಗೆ ಹೊರಟರು.

ಸೋಮವಾರ ಬೆಳಿಗ್ಗೆ ಬಾಲ್ಕನಿಗೆ ಬಂದಾಗ ಗುರುಗಳು ಏಣಿಯ ಮೇಲಿದ್ದರು. ಕೆಳಗೆ ಜಿನ್ ಒಕ್ಸನ್ ಏಣಿ ಹಿಡಿದಿದ್ದರು. ಕೋಳಿ ಅಂಗಡಿಯವನು, ಪಿಯಾನೊ ಟೀಚರು, ಹೋಟೆಲಿನ ಅಜ್ಜಿ, ಎಲ್ಲರೂ ಬೇರೇನೋ ಕೆಲಸಕ್ಕೆ ಬಂದವರ ಹಾಗೆ ಬೀದಿಯಲ್ಲಿ ನಿಂತಿದ್ದರು. ಬೋರ್ಡು ಇಳಿಯಿತು. ಮಾತು ಉಳಿಸಿಕೊಂಡರಲ್ಲ ಎಂದು ಒಂದು ಕ್ಷಣ ನನಗೂ ಅನಿಸಿತು, ಸುಳ್ಳು ಹೇಳುವುದಿಲ್ಲ. ಸಂಜೆ ಮಗಳನ್ನು ಕರೆತರಲು ಹೋದರೆ ಅದೇ ಬೋರ್ಡು ಗರಡಿಯ ಒಳಗೆ, ಕನ್ನಡಿಯ ಮೇಲೆ ನೇತಾಡುತ್ತಿತ್ತು. ದೀಪಗಳ ಸಮೇತ.

"ಇಳಿಸ್ತೀನಿ ಅಂದಿದ್ದೆ, ಇಳಿಸಿದೆ," ಎಂದರು ಗುರುಗಳು ನನ್ನ ಮುಖ ನೋಡಿ. "ಎಸೀತೀನಿ ಅಂದಿದ್ನಾ?"

ಒಕ್ಸನ್ ಅವರ ಕಡೆ ನೋಡಿದೆ. ಆಕೆ ಹಾಸುಗಳ ಸಂದಿಯ ಬಿರುಕಿಗೆ ಟೇಪು ಅಂಟಿಸುತ್ತಿದ್ದರು. "ಒಳಗೆ ಇದ್ರೆ ಮಳೇಲಿ ನೆನೆಯಲ್ಲ," ಎಂದರು.

ಪಾಠ ಶುರುವಾಗುವುದರಲ್ಲಿತ್ತು. ಗುರುಗಳು ಎದುರು ನಿಂತು ಎದೆಯುಬ್ಬಿಸಿ, "ಕಾಲು ಎಲ್ಲಿ?" ಎಂದು ಕೂಗಿದರು.

ಒಂದು ಮಗುವೂ ಉತ್ತರಿಸಲಿಲ್ಲ. ನಲವತ್ತು ಜೊತೆ ಕಣ್ಣುಗಳು ಗುರುಗಳ ಪಾದದ ಮೇಲಿದ್ದವು. ಹಟವೇನಲ್ಲ, ಸಿಟ್ಟೂ ಅಲ್ಲ, ಕಾಯುತ್ತಿದ್ದರು ಅಷ್ಟೇ. ಪ್ರಶ್ನೆ ಈಗ ಎಲ್ಲರಿಗೂ ಸೇರಿದ್ದು ಎಂದು ದಾನೊ ದಿನ ಅವರಿಗೆ ಗೊತ್ತಾಗಿಹೋಗಿತ್ತು. ಗುರುಗಳು ಕೆಮ್ಮಿದರು. ಸೊಂಟದ ಬಗ್ಗೆ ಏನೋ ಹೇಳಹೋದರು. ಯಾರೂ ಕದಲಲಿಲ್ಲ. ಕೊನೆಗೆ ಮುಖ ಹುಳ್ಳಗೆ ಮಾಡಿಕೊಂಡು ಬಲಗಾಲನ್ನು ಗೆರೆಯ ತನಕ ತಂದರು, ಗೆರೆಯ ಮೇಲೆ ತುದಿಬೆರಳು ಮಾತ್ರ ಇಟ್ಟರು.

ಮುಂದಿನ ಸಾಲಿನಲ್ಲಿದ್ದ ಯೊರುಮ್ ಬಗ್ಗಿ ನೋಡಿದಳು. ಒಂದು ಹಾಲುಹಲ್ಲು ಅಲ್ಲಾಡುತ್ತಿದ್ದ ಬಾಯಲ್ಲಿ, ಬಹಳ ಮರ್ಯಾದೆಯಿಂದ ಹೇಳಿದಳು:

"ಇನ್ನೂ ಸ್ವಲ್ಪ, ಗುರುಗಳೇ."